ಇಂಗ್ಲಿಷಿನಲ್ಲಿ ಅವಧಾರಣೆ: ‘ಡು, ಡಸ್, ಡಿಡ್’ ಸಹಾಯಕ ಕ್ರಿಯಾಪದಗಳು

“ನೀನು ಪ್ರಬಂಧ ಬರೆದಿಲ್ಲ” ಎಂದು ಅಧ್ಯಾಪಕರು ಆಕ್ಷೇಪಿಸಿದಾಗ, ಬರೆದು ತಂದಿರುವ ವಿದ್ಯಾರ್ಥಿ “ಐ ಡಿಡ್ ರೈಟ್ ಇಟ್” ಎಂದರೆ ಅದನ್ನು ತಪ್ಪೆಂದು ತಿದ್ದಿಬಿಡುವ ಸಂಭವವುಂಟು. ‘ಡಿಡ್’ ಎಂಬುದು ಪ್ರಶ್ನೆಗೂ ನಿಷೇಧಕ್ಕೂ ಮಾತ್ರ ಸಲ್ಲುತ್ತದೆಂಬ ಭಾವನೆಯೇ ಇದಕ್ಕೆ ಕಾರಣ. ವಸ್ತುತಃ ಆ ವಾಕ್ಯ ಶುದ್ಧವಾದುದು. ಆ ಸಂದರ್ಭಕ್ಕೆ “ಐ ರೋಟ್ ಇಟ್” ಎಂಬುದಕ್ಕಿಂತ ಉಚಿತವಾದುದು. ಅದನ್ನು ಹೊಡೆದುಹಾಕಿದರೆ, ತನ್ನ ಮಾತು ನಿಜವೆಂದು ಹೇಳಿಕೊಳ್ಳಲು ಮಗುವಿಗಿದ್ದ ಸಾಧನವನ್ನೇ ಕಸಿದಂತಾಗುತ್ತದೆ.

ಕನ್ನಡದೊಡನೆ ಹೋಲಿಕೆ

ಕನ್ನಡದಲ್ಲಿ ಅವಧಾರಣೆಗೆ ‘ಏ’ ಎಂಬ ಅವ್ಯಯವಿದೆ. ಒತ್ತು ಬೇಕಾದ ಪದಕ್ಕೆ ಅದು ಸೇರುತ್ತದೆ. “ನಾನೇ ಬರೆದೆ” ಎಂಬುದು ‘ಯಾರು?’ ಎಂಬ ಸಂದೇಹಕ್ಕೆ ಉತ್ತರ. “ಪ್ರಬಂಧವನ್ನೇ ಬರೆದೆ” ಎಂಬುದು ‘ಏನನ್ನು?’ ಎಂಬುದಕ್ಕೆ. ಗಡಿನಾಡಿನ ಮಕ್ಕಳು ಮರಾಠಿಯ ‘ಚ’, ಮಲಯಾಳದ ‘ತನ್ನೆ’, ತಮಿಳಿನ ‘ತಾನ್’ಗಳಲ್ಲಿಯೂ ಇಂಥ ಒತ್ತನ್ನು ಕೇಳಿ ಬಲ್ಲರು. ಇಂಗ್ಲಿಷಿನ ‘ಡಿಡ್’ ಹೀಗೆ ಪದದಿಂದ ಪದಕ್ಕೆ ಸರಿಯುವುದಿಲ್ಲ. ಕಾರ್ಯವು ನಡೆಯಿತೋ ಇಲ್ಲವೋ ಎಂಬ ಸಂದೇಹವನ್ನು ಅದು ಪರಿಹರಿಸುತ್ತದೆ. ಆದ್ದರಿಂದ “ಐ ಡಿಡ್ ರೈಟ್ ಇಟ್” ಎಂದರೆ “ನಾನೇ ಬರೆದೆ” ಎಂದಲ್ಲ, “ನಾನು ಬರೆದದ್ದು ನಿಜ” ಎಂದರ್ಥ. ಈ ಭೇದವನ್ನು ಮೊದಲು ಮನಗಾಣಿಸಬೇಕು.

ನಿಯಮಗಳು

1. ಸರಳ ವರ್ತಮಾನ ಹಾಗೂ ಸರಳ ಭೂತಕಾಲದ ವಾಕ್ಯಗಳಲ್ಲಿ ‘ಡು, ಡಸ್, ಡಿಡ್’ ಸೇರುತ್ತವೆ. ಕಾಲ ಮತ್ತು ಪುರುಷದ ಗುರುತು ಸಹಾಯಕ ಪದಕ್ಕೆ ಹೋಗುವುದರಿಂದ ಮುಖ್ಯ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ. “ಶಿ ಸಿಂಗ್ಸ್” ಎಂಬುದು “ಶಿ ಡಸ್ ಸಿಂಗ್” ಎಂದೂ, “ದೇ ವೆಂಟ್” ಎಂಬುದು “ದೇ ಡಿಡ್ ಗೋ” ಎಂದೂ ಆಗುತ್ತದೆ. “ಡಿಡ್ ವೆಂಟ್” ಅಶುದ್ಧ.

2. ವಾಕ್ಯದಲ್ಲಿ ಸಹಾಯಕ ಪದ ಮೊದಲೇ ಇದ್ದರೆ ಅದನ್ನೇ ಒತ್ತಿ ನುಡಿಯಬೇಕು: “ಐ ಹ್ಯಾವ್ ಫಿನಿಶ್ಡ್”, “ಶಿ ಕ್ಯಾನ್ ಸ್ವಿಮ್”. ‘ಐವ್’ ಎಂಬ ಸಂಕ್ಷಿಪ್ತ ರೂಪ ಈ ಒತ್ತನ್ನು ತಾಳದು.

3. “ಹಿ ಈಸ್ ಹಾನೆಸ್ಟ್” ಎಂಬಲ್ಲಿ ‘ಈಸ್’ ಪದಕ್ಕೇ ಒತ್ತು, ‘ಡಸ್’ ಸಲ್ಲದು. ಆದರೆ ವಿಧಿವಾಕ್ಯದಲ್ಲಿ “ಡು ಬಿ ಕೇರ್‌ಫುಲ್” ಎನ್ನಬಹುದು.

4. “ಡು ಸಿಟ್ ಡೌನ್” ಎಂಬುದು ಗದರಿಕೆಯಲ್ಲ. ಮನೆಗೆ ಬಂದವರಿಗೆ “ಕುಳಿತುಕೊಳ್ಳಿ, ಕುಳಿತುಕೊಳ್ಳಿ” ಎನ್ನುವಂಥ ಉಪಚಾರದ ಒತ್ತಾಯ.

ಎಚ್ಚರಿಕೆ

ಸಂದೇಹ, ನಿರಾಕರಣೆ ಅಥವಾ ವೈದೃಶ್ಯ ಇಲ್ಲದೆಡೆ ಈ ಪ್ರಯೋಗ ಅಸಹಜ. ನಿನ್ನೆ ಏನು ಮಾಡಿದೆಯೆಂದು ಕೇಳಿದರೆ “ಐ ವೆಂಟ್ ಟು ದಿ ಮಾರ್ಕೆಟ್” ಎಂದಷ್ಟೇ ಹೇಳುವುದು ಸರಿ. ಷೇಕ್ಸ್‌ಪಿಯರನ ನಾಟಕಗಳಲ್ಲಿಯೂ 1611ರ ಇಂಗ್ಲಿಷ್ ಬೈಬಲಿನಲ್ಲಿಯೂ ಒತ್ತಿಲ್ಲದ ‘ಡಿಡ್’ ಹೇರಳವಾಗಿದೆ. ಅದು ಆ ಕಾಲದ ರೂಢಿಯೆಂದು ತಿಳಿಸಿದರೆ ಸಾಕು.

ತರಗತಿಯ ಚಟುವಟಿಕೆ

ವಿದ್ಯಾರ್ಥಿಗಳನ್ನು ಜೋಡಿಗಳಾಗಿ ಕೂರಿಸಿರಿ. ಒಬ್ಬರು “ಯು ಡೋಂಟ್ ಲೈಕ್ ಮ್ಯಾಂಗೋಸ್” ಎಂದು ನಿರಾಕರಿಸಲಿ; ಇನ್ನೊಬ್ಬರು “ಐ ಡು ಲೈಕ್ ಮ್ಯಾಂಗೋಸ್” ಎಂದು ‘ಡು’ ಪದವನ್ನು ಒತ್ತಿ ಉತ್ತರಿಸಲಿ. ಒತ್ತು ಮೊದಲು ಕಿವಿಗೆ ಬೀಳಲಿ, ಬರವಣಿಗೆ ಆಮೇಲೆ.

ಅಭ್ಯಾಸ

ಈ ವಾಕ್ಯಗಳನ್ನು ಅವಧಾರಣಾರ್ಥಕ್ಕೆ ಪರಿವರ್ತಿಸಿರಿ: “ಹಿ ವರ್ಕ್ಸ್ ಹಾರ್ಡ್”, “ವಿ ಸಾ ಹರ್”, “ದೇ ವಿಲ್ ಕಮ್”. ಮೂರನೆಯದಕ್ಕೆ ‘ಡು’ ಏಕೆ ಬೇಡವೆಂಬುದನ್ನು ವಿದ್ಯಾರ್ಥಿಗಳ ಬಾಯಿಂದಲೇ ಹೇಳಿಸಿರಿ.