ಏಳು ಮಾತು, ನಾಲ್ಕು ಕಥೆ

ಶುಭ ಶುಕ್ರವಾರ ಇಗರ್ಜಿಗಳಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಪ್ರವಚನ ನಡೆಯುವುದುಂಟು. ಆ ಏಳೂ ಒಂದೇ ಪುಸ್ತಕದಲ್ಲಿಲ್ಲ. ಮಾರ್ಕ, ಮತ್ತಾಯರಲ್ಲಿರುವುದು ಒಂದೇ, ದೇವರೇ ಕೈಬಿಟ್ಟನೆಂಬ ಕೂಗು. ಲೂಕನಲ್ಲಿ ಮೂರು, ಯೋಹಾನನಲ್ಲಿ ಬೇರೆಯೇ ಮೂರು.

ಇದು ನನಗೆ ತಿಳಿದದ್ದು ವಡಾಲದಲ್ಲಿ, ಎನ್‌ಕೆಇಎಸ್ ಶಾಲೆಯ ಆಸುಪಾಸಿನ ನಮ್ಮ ಕಟ್ಟಡದಲ್ಲಿ. ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ ಓದುತ್ತಿದ್ದವನು ಮೂಲವನ್ನು ನೋಡಬೇಕೆಂದು ಕೆಳಮನೆಯ ಬಾಯಮ್ಮನ ಹತ್ತಿರ ಕನ್ನಡ ಬೈಬಲ್ ಕೇಳಿದೆ. “ಮೂಲ ಒಂದಲ್ಲ ಮಾಸ್ಟ್ರೇ, ನಾಲ್ಕುಂಟು” ಎಂದು ನಕ್ಕರು.

ನಾಲ್ಕನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದೆವು. ಯಾರು ನೋಡುತ್ತಾರೆ, ಎಲ್ಲಿ ನಿಂತು ನೋಡುತ್ತಾರೆ, ಯಾರು ಬಾಯಿ ಬಿಡುತ್ತಾರೆ ಎಂದಷ್ಟೇ ಗಮನಿಸುವುದು. ಮಾರ್ಕನಲ್ಲಿ ಹೆಂಗಸರು ದೂರದಲ್ಲಿದ್ದಾರೆ, ಪಕ್ಕದ ಕಳ್ಳರಿಬ್ಬರೂ ಹಂಗಿಸುತ್ತಾರೆ; ಅವನ ಯೇಸು ಪೂರ್ತಿ ಒಂಟಿ. ಲೂಕನಲ್ಲಿ ಒಬ್ಬ ಕಳ್ಳನ ಮನಸ್ಸು ತಿರುಗುತ್ತದೆ. ಯೋಹಾನನಲ್ಲಿ ತಾಯಿ ಶಿಲುಬೆಯ ಬುಡದಲ್ಲೇ ಇದ್ದಾಳೆ. ಮಾರ್ಕನ ಶತಾಧಿಪತಿಗೆ ಸತ್ತವನು ದೇವಪುತ್ರನಾಗಿ ಕಂಡರೆ, ಲೂಕನ ಶತಾಧಿಪತಿಗೆ ಬರೀ ನಿರಪರಾಧಿ.

ಹೊತ್ತು ಕೂಡ ಕೂಡಿಬರುವುದಿಲ್ಲ. ಮಾರ್ಕನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಶಿಲುಬೆ. ಯೋಹಾನನಲ್ಲಿ ಮಧ್ಯಾಹ್ನವಾದರೂ ಪಿಲಾತನ ಮುಂದೆಯೇ ನಿಂತಿದ್ದಾನೆ, ಅದೂ ಪಾಸ್ಕದ ಕುರಿಗಳನ್ನು ಕೊಯ್ಯುವ ದಿನ. ಯಾವುದು ನಿಜ ಎಂಬುದು ಇತಿಹಾಸಕಾರನ ತಕರಾರು. ಮೊದಲ ಅಧ್ಯಾಯದಲ್ಲೇ ಯೇಸುವನ್ನು ದೇವರ ಕುರಿಮರಿ ಎನ್ನಿಸಿದ ಯೋಹಾನನಿಗೆ ಆ ದಿನವೇ ಬೇಕಿತ್ತು. ಪಂಪನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಅರಿಕೇಸರಿಯನ್ನೇ ಅರ್ಜುನನಾಗಿಸಿದವನಿಗೆ ಹಾಗೆ ಬೇಕಿತ್ತೆಂದು ನಾವು ಒಪ್ಪಿಕೊಂಡಿಲ್ಲವೇ? (ಕುಮಾರವ್ಯಾಸನನ್ನು ತಂದು ಪಂಪನನ್ನು ತಿದ್ದುವವರಿದ್ದರೆ ಅವರಿಗೆ ದೂರದಿಂದಲೇ ನಮಸ್ಕಾರ.) ಡೇವಿಡ್ ರೋಡ್ಸ್, ಡೊನಾಲ್ಡ್ ಮಿಚಿ 1982ರಲ್ಲಿ ಮಾರ್ಕನನ್ನು ಇಡಿಯಾಗಿ ಒಂದು ಕಥೆಯೆಂದೇ ಓದಿ ಪುಸ್ತಕ ಬರೆದರು. ನಾಲ್ಕನ್ನೂ ಹೆಣೆದು ಒಂದು ಮಾಡುವ ಆಸೆ ಅದಕ್ಕಿಂತ ಬಹಳ ಹಳೆಯದು. ಎರಡನೆಯ ಶತಮಾನದಲ್ಲೇ ತಾಷಿಯನ್ ಅದನ್ನು ಮಾಡಿದ್ದ. ನನಗೆ ಬಿಡಿಸಿ ಓದುವುದೇ ರುಚಿ.

ಆದರೆ ಎಲ್ಲ ವ್ಯತ್ಯಾಸವನ್ನೂ ಕಥೆಗಾರನ ಲೆಕ್ಕಕ್ಕೆ ಹಾಕುವಂತಿಲ್ಲ. ಕೊಲ್ಲುವವರನ್ನು ಕ್ಷಮಿಸೆಂದು ಬೇಡುವ ಮಾತು ಲೂಕನ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲೇ ಇಲ್ಲ. ಯಾರೋ ಲಿಪಿಕಾರ ಸೇರಿಸಿರಬಹುದು ಎಂದೆ. ಬಾಯಮ್ಮ ಒಪ್ಪಲಿಲ್ಲ. “ಅಪೊಸ್ತಲರ ಕಾರ್ಯಗಳನ್ನು ಬರೆದದ್ದೂ ಲೂಕನೇ ಅಲ್ವಾ? ಕಲ್ಲು ಹೊಡೆಸಿಕೊಂಡು ಸಾಯುವ ಸ್ತೆಫನನೂ ಹಾಗೇ ಬೇಡ್ತಾನೆ. ಅದು ಲೂಕನದ್ದೇ ಕೈ.” ಅಲ್ಲಿಂದಲೇ ಎತ್ತಿ ಇಲ್ಲಿ ಸೇರಿಸಿರಬಹುದಲ್ಲ ಎಂದು ನಾನು. ಈ ಜಗಳ ಇನ್ನೂ ಮುಗಿದಿಲ್ಲ.