ವೈನ್ ಬಾಟಲಿಯಲ್ಲಿ ಹೂಡಿಕೆ: ಕಾಯುವ ಖರ್ಚನ್ನು ಯಾರು ಹೊರುತ್ತಾರೆ?

"ವೈನ್ ಕೊಂಡಿಡಿ, ಹಳತಾದಷ್ಟೂ ಬೆಲೆ ಏರುತ್ತದೆ." ಲಂಡನ್, ಸಿಂಗಪುರ, ನ್ಯೂಜೆರ್ಸಿ ಎಲ್ಲೇ ಇರಲಿ, ಒಳ್ಳೆಯ ಸಂಬಳದ ಕೆಲಸದಲ್ಲಿದ್ದರೆ ಇಂಥ ಜಾಹೀರಾತು ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಕಾಯುವುದಕ್ಕೂ ಖರ್ಚಿದೆ. ಅದು ಎಷ್ಟು, ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಫ್ರಾನ್ಸಿನ ಒಂದು ಪ್ರದೇಶದ ಉದಾಹರಣೆಯಿಂದ ನೋಡೋಣ.

ಕಾಓರ್: ಒಳ್ಳೆಯ ಸರಕು, ಕೈಯಲ್ಲಿಲ್ಲದ ಬಂದರು

ನೈರುತ್ಯ ಫ್ರಾನ್ಸಿನ ಲಾಟ್ ನದಿಯ ದಂಡೆಯಲ್ಲಿ ಕಾಓರ್ ಪಟ್ಟಣವಿದೆ. ಸುತ್ತಲಿನ ತೋಟಗಳ ಕೆಂಪು ವೈನ್ ಎಷ್ಟು ಗಾಢವೆಂದರೆ ಅದಕ್ಕೆ 'ಕಪ್ಪು ವೈನ್' ಎಂಬ ಹೆಸರೇ ಬಿದ್ದಿತ್ತು. ಮುಖ್ಯ ದ್ರಾಕ್ಷಿ ಮಾಲ್ಬೆಕ್. ಇಂದಿನ ನಿಯಮದಂತೆ ಕಾಓರ್ ಹೆಸರಿನಲ್ಲಿ ಮಾರುವ ವೈನಿನಲ್ಲಿ ಅದು ಕನಿಷ್ಠ ಶೇ. 70 ಇರಬೇಕು.

ಹಿಂದೆ ಈ ವೈನ್ ದೋಣಿಯಲ್ಲಿ ಬೋರ್ಡೋ ಬಂದರಿಗೆ ಹೋಗಿ, ಅಲ್ಲಿಂದ ಇಂಗ್ಲೆಂಡಿಗೆ ಸಾಗಬೇಕಿತ್ತು. ಬೋರ್ಡೋದವರಿಗೆ ವಿಶೇಷ ಹಕ್ಕಿತ್ತು. ತಮ್ಮ ವೈನಿಗೆ ಮೊದಲ ಅವಕಾಶ ಸಿಗಲೆಂದು, ಮೇಲಿನ ಪ್ರದೇಶದ ವೈನನ್ನು ಸುಗ್ಗಿಯ ನಂತರ ಕೆಲವು ವಾರ ಒಳಗೇ ಬಿಡುತ್ತಿರಲಿಲ್ಲ. 1776ರಲ್ಲಿ ಮಂತ್ರಿ ಟ್ಯುರ್ಗೊ ಈ ಹಕ್ಕುಗಳನ್ನು ರದ್ದು ಮಾಡುವವರೆಗೂ ಶತಮಾನಗಳ ಕಾಲ ಹೀಗೇ ನಡೆಯಿತು. ಮಾರುಕಟ್ಟೆಯ ಬಾಗಿಲು ಯಾರ ಕೈಯಲ್ಲಿದೆಯೋ ಲಾಭದ ದೊಡ್ಡ ಪಾಲು ಅವರದು. ಶೇರು ಕೊಳ್ಳುವಾಗಲೂ ಇದು ನೆನಪಿರಲಿ.

ಆಮೇಲೆ 19ನೇ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಕೀಟ ಬಳ್ಳಿಗಳ ಬೇರನ್ನೇ ತಿಂದು ಹಾಕಿತು. 1956ರ ಫೆಬ್ರವರಿಯ ಕಡುಚಳಿಗೆ ಹೆಚ್ಚುಕಡಿಮೆ ಇಡೀ ಪ್ರದೇಶದ ಬಳ್ಳಿಗಳು ಸತ್ತವು. ಮತ್ತೆ ನೆಟ್ಟು ಬೆಳೆಸಿ, 1971ರಲ್ಲಿ ಎಒಸಿ, ಅಂದರೆ ಮೂಲಸ್ಥಳದ ಅಧಿಕೃತ ಮಾನ್ಯತೆ ಪಡೆದರು. ಅಷ್ಟರಲ್ಲಿ ಇದೇ ಮಾಲ್ಬೆಕ್ ಅರ್ಜೆಂಟೀನಾದಲ್ಲಿ ಬೇರೂರಿ ಆಗಿತ್ತು. ಇಂದು ಮಾಲ್ಬೆಕ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅರ್ಜೆಂಟೀನಾವೇ.

8 ಹೆಕ್ಟೇರಿನ ಲೆಕ್ಕ

ಒಂದು ಸಣ್ಣ ಕುಟುಂಬದ ಎಸ್ಟೇಟ್ ಊಹಿಸಿಕೊಳ್ಳಿ. ಈ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು.

• ತೋಟ 8 ಹೆಕ್ಟೇರ್, ಅಂದರೆ ಸುಮಾರು 20 ಎಕರೆ. ಹೆಕ್ಟೇರಿಗೆ 4,500 ಲೀಟರ್ ವೈನ್.
• ವರ್ಷಕ್ಕೆ 36,000 ಲೀಟರ್. 750 ಮಿ.ಲೀ. ಬಾಟಲಿಯಲ್ಲಿ 48,000 ಬಾಟಲಿ.
• ಒಂದು ಬಾಟಲಿಯ ಒಟ್ಟು ಖರ್ಚು 5 ಯೂರೋ.
• ಮಾರುವ ಮೊದಲು ಎರಡು ವರ್ಷ ನೆಲಮಾಳಿಗೆಯಲ್ಲಿ.

ಹಾಗಾದರೆ ಯಾವಾಗ ನೋಡಿದರೂ 96,000 ಬಾಟಲಿಯಷ್ಟು ವೈನ್, ಅಂದರೆ 4,80,000 ಯೂರೋ, ಒಳಗೆ ಸಿಕ್ಕಿಕೊಂಡಿರುತ್ತದೆ. ಶೇ. 5 ಬಡ್ಡಿ ಎಂದರೆ ವರ್ಷಕ್ಕೆ 24,000 ಯೂರೋ. ಮಾರುವ ಪ್ರತಿ ಬಾಟಲಿಯ ಮೇಲೆ 50 ಸೆಂಟ್ ಬರೀ ಕಾಯುವ ಖರ್ಚು!

ಏಪ್ರಿಲ್ ಚಳಿಗೆ ಚಿಗುರು ಸುಟ್ಟು ಬೆಳೆ ಅರ್ಧವಾದರೆ? 2021ರಲ್ಲಿ ಫ್ರಾನ್ಸಿನ ಅನೇಕ ತೋಟಗಳಿಗೆ ಈ ಹೊಡೆತ ಬಿತ್ತು. ಬಾಟಲಿ, ಕಾರ್ಕ್ ಖರ್ಚು ಇಳಿಯುತ್ತದೆ. ಸವರುವ ಕೂಲಿ, ಟ್ರ್ಯಾಕ್ಟರ್, ಸಾಲದ ಕಂತು ಇಳಿಯುವುದಿಲ್ಲ. ಎಒಸಿ ಇಳುವರಿಗೂ ಮಿತಿ ಹಾಕುವುದರಿಂದ ಮುಂದಿನ ವರ್ಷ ದುಪ್ಪಟ್ಟು ಬೆಳೆದು ನಷ್ಟ ತುಂಬಿಕೊಳ್ಳಲೂ ಆಗದು.

ಕಾಯುವ ಖರ್ಚು ನಿಮ್ಮ ಕೈಗೆ

ಬೋರ್ಡೋದ ದೊಡ್ಡ ಎಸ್ಟೇಟುಗಳು ಇದಕ್ಕೊಂದು ದಾರಿ ಕಂಡುಕೊಂಡಿವೆ: 'ಆನ್ ಪ್ರಿಮರ್'. ಸುಗ್ಗಿಯ ಮುಂದಿನ ವಸಂತದಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ಮಾರಾಟ. ದುಡ್ಡು ಈಗ, ಬಾಟಲಿ ಒಂದೆರಡು ವರ್ಷದ ಮೇಲೆ. ಅಂದರೆ ಎಸ್ಟೇಟಿಗೆ ದುಡಿಯುವ ಬಂಡವಾಳ ಕೊಟ್ಟವರು ನೀವು. ಮಧ್ಯವರ್ತಿ ನಡುವೆ ದಿವಾಳಿಯಾದರೆ ಆ ಅಪಾಯವೂ ನಿಮ್ಮದೇ.

ಈಗ ನಿಮ್ಮ ಲೆಕ್ಕ. 12 ಬಾಟಲಿಯ ಒಂದು ಪೆಟ್ಟಿಗೆಗೆ 600 ಯೂರೋ ಕೊಟ್ಟಿರಿ ಎನ್ನೋಣ. 8 ವರ್ಷ ಇಟ್ಟಿರಿ. ಗೋದಾಮು ಮತ್ತು ವಿಮೆ ವರ್ಷಕ್ಕೆ 15, ಒಟ್ಟು 120. ಅದೇ 600 ಶೇ. 4 ಚಕ್ರಬಡ್ಡಿಯಲ್ಲಿ ಇದ್ದಿದ್ದರೆ ಸುಮಾರು 821 ಆಗುತ್ತಿತ್ತು. ಎರಡೂ ಸೇರಿ 941. ಮಾರುವಾಗ ಶೇ. 10 ಕಮಿಷನ್ ಹೋದರೆ ಪೆಟ್ಟಿಗೆ ಸುಮಾರು 1,046ಕ್ಕೆ ಮಾರಾಟವಾಗಬೇಕು. ಬೆಲೆ ಶೇ. 74 ಏರಿದರೂ ನೀವು ಠೇವಣಿ ಇಟ್ಟವರಿಗೆ ಸಮ, ಅಷ್ಟೇ.

ಹಣ ಹಾಕುವ ಮೊದಲು ಕೇಳಿ

1. ಮರುಮಾರಾಟ ಇದೆಯೇ? ಹರಾಜಿನಲ್ಲಿ ಹೆಚ್ಚು ಓಡುವುದು ಬೋರ್ಡೋ, ಬರ್ಗಂಡಿಯ ಕೆಲವೇ ಹೆಸರುಗಳು. ಕಾಓರ್‌ನಂಥ ಪ್ರಾದೇಶಿಕ ವೈನ್ ರುಚಿಯಲ್ಲಿ ಚೆನ್ನಾಗಿದ್ದರೂ ಕೊಳ್ಳುವವರನ್ನು ಹುಡುಕುವುದು ಕಷ್ಟ. ಬೋರ್ಡೋ ಎಂಬ ಹೆಸರೊಂದೇ ಸಾಲದು. 2023ರಲ್ಲಿ ಅಲ್ಲಿ ಬಳ್ಳಿ ಕಿತ್ತವರಿಗೆ ಹೆಕ್ಟೇರಿಗೆ 6,000 ಯೂರೋ ಪರಿಹಾರದ ಯೋಜನೆಯೇ ಬಂತು.

2. ಪೆಟ್ಟಿಗೆ ಯಾರ ಹೆಸರಿನಲ್ಲಿದೆ, ಎಲ್ಲಿದೆ? ಗೋದಾಮಿನ ದಾಖಲೆ ನಿಮ್ಮ ಹೆಸರಿನಲ್ಲೇ ಇರಬೇಕು.

3. ತೆರಿಗೆ ಎಷ್ಟು? ಅಮೆರಿಕದಲ್ಲಿ ವೈನ್ 'ಸಂಗ್ರಹಯೋಗ್ಯ ವಸ್ತು'. ದೀರ್ಘಾವಧಿ ಲಾಭಕ್ಕೂ ತೆರಿಗೆ ಶೇ. 28ರವರೆಗೆ ಹೋಗಬಹುದು. ಬ್ರಿಟನ್ನಿನಲ್ಲಿ 50 ವರ್ಷಕ್ಕಿಂತ ಕಡಿಮೆ ಬಾಳುವ ವೈನಿಗೆ ಸಾಮಾನ್ಯವಾಗಿ ಬಂಡವಾಳ ಲಾಭದ ತೆರಿಗೆ ಇಲ್ಲ. ಬಹುಕಾಲ ಬಾಳುವ ದುಬಾರಿ ವೈನಿಗೆ ಈ ವಿನಾಯಿತಿ ಸಿಗದಿರಬಹುದು. ನಿಮ್ಮ ದೇಶದ ತೆರಿಗೆ ಸಲಹೆಗಾರರನ್ನು ಕೇಳಿ.

4. ಶೇರಿಗೆ ಡಿವಿಡೆಂಡ್ ಉಂಟು, ಮನೆಗೆ ಬಾಡಿಗೆ ಉಂಟು. ಬಾಟಲಿಗೆ? ಮಾರುವ ದಿನದವರೆಗೆ ಅದು ನಿಮ್ಮ ಜೇಬಿನಿಂದಲೇ ತಿನ್ನುತ್ತದೆ.

ವೈನ್ ಇಷ್ಟವಿದ್ದರೆ ಸಣ್ಣ ಎಸ್ಟೇಟಿನ ಒಂದು ಬಾಟಲಿ ಕೊಂಡು ಕುಡಿಯಿರಿ. ಎರಡು ವರ್ಷ ಕಾದ ಖರ್ಚು ಅದರ ಬೆಲೆಯಲ್ಲೇ ಇದೆ. ಹೂಡಿಕೆಯೇ ಮಾಡಬೇಕೆಂದಿದ್ದರೆ ಮೇಲಿನ 600 ಯೂರೋ ಲೆಕ್ಕಕ್ಕೆ ನಿಮ್ಮ ಅಂಕಿಗಳನ್ನು ಹಾಕಿ, ಉತ್ತರ ಬಂದ ಮೇಲೆ ಸಹಿ ಮಾಡಿ.