ಹರಿದ ಬಾಲಕ್ಕೆ ಮೊದಲ ಮದ್ದು ನೀರು

ಭಾಲ್ಕಿಯ ಓದುಗರೊಬ್ಬರ ಪ್ರಶ್ನೆ: ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಡ್ಯಾಮ್ಸೆಲ್ ಮೀನು ಕಚ್ಚಿ ಕ್ಲೌನ್ ಮೀನಿನ ಬಾಲ ಹರಿದಿದೆ. ಏನು ಮಾಡಬೇಕು?

ಕಚ್ಚಿದ ಮೀನನ್ನು ಇಂದೇ ಬೇರ್ಪಡಿಸಿ. ಬಾಲದ ಅಂಚಷ್ಟೇ ಹರಿದು, ಗಾಯಗೊಂಡ ಮೀನು ಮೇವು ತಿನ್ನುತ್ತಿದ್ದರೆ ಅದನ್ನು ಹಿಡಿಯಲು ಹೋಗಬೇಡಿ. ಬಲೆ ತರಚಿದರೆ ಇನ್ನೊಂದು ಗಾಯ. ನೀರು ಚೊಕ್ಕಟವಾಗಿದ್ದರೆ ಕೆಲವೇ ವಾರಗಳಲ್ಲಿ ಬಾಲ ಮತ್ತೆ ಬೆಳೆಯುತ್ತದೆ.

ಬುಡದವರೆಗೂ ಹರಿದಿದ್ದರೆ ಪ್ರತ್ಯೇಕ ತೊಟ್ಟಿ ಬೇಕು. 40 ಲೀಟರಿನದು ಸಾಕು. ಹಳೆಯ ತೊಟ್ಟಿಯದೇ ನೀರು, ಸ್ಪಂಜ್ ಫಿಲ್ಟರ್, ಅವಿತುಕೊಳ್ಳಲು ಪಿವಿಸಿ ಪೈಪಿನ ತುಂಡು ಇರಲಿ. ಅಮೋನಿಯಾ ಸೊನ್ನೆ, ಉಷ್ಣತೆ 25–26 ಡಿಗ್ರಿ, ಸಾಪೇಕ್ಷ ಸಾಂದ್ರತೆ 1.025 ಇರುವಂತೆ ನೋಡಿಕೊಳ್ಳಿ. ಬೋರ್‌ವೆಲ್ ನೀರಿಗೆ ಅಡುಗೆ ಉಪ್ಪು ಕಲಸುವ ಮಾತೇ ಬೇಡ. ಆರ್‌ಒ ನೀರಿಗೆ ಅಕ್ವೇರಿಯಂ ಸಮುದ್ರ ಉಪ್ಪನ್ನೇ ಬೆರೆಸಿ. ಬೀದರ್ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕರೆಂಟೂ ಕೈಕೊಡುತ್ತದೆ. ಬ್ಯಾಟರಿಯ ಏರ್ ಪಂಪ್ ಮನೆಯಲ್ಲಿರಲಿ.

ತಾಮ್ರದ ಔಷಧಿ ಪರೋಪಜೀವಿಗಳಿಗೆ, ಗಾಯಕ್ಕಲ್ಲ. ಹವಳ, ಸೀಗಡಿಗಳಿಗಂತೂ ವಿಷ.

ಬುಡ ಕೆಂಪಾದರೆ, ಹತ್ತಿಯಂಥ ಬಿಳಿ ಪದರ ಕಟ್ಟಿದರೆ ಅಥವಾ ಎರಡು ದಿನ ಮೇವು ಮುಟ್ಟದಿದ್ದರೆ ವಿಡಿಯೊ ಮಾಡಿಕೊಂಡು ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಅದರ ಮೀನುಗಾರಿಕೆ ಕಾಲೇಜು ಇರುವುದು ಮಂಗಳೂರಿನಲ್ಲಿ. ಅಲ್ಲಿನ ತಜ್ಞರನ್ನು ಸಂಪರ್ಕಿಸುವ ದಾರಿ ಕೇಳಿ. ಅವರು ಹೇಳುವ ತನಕ ಆ್ಯಂಟಿಬಯಾಟಿಕ್ ಹಾಕಬೇಡಿ.